ಶಾಲೆಯಲ್ಲಿ ಧರ್ಮದ ಪಾಠ ಹೇಗಿರಬೇಕು?

(ದಾಸನಕೊಪ್ಪದಲ್ಲಿ ನಡೆದ ತಿಂಗಳ ಶಿವಾನುಭವ ಗೋಷ್ಠಿಯಲ್ಲಿ ಪ್ರಾಥಮಿಕ ಶಾಲಾ ಶಿಕ್ಷಕಿಯೊಬ್ಬರು ಮಾಡಿದ ಉಪನ್ಯಾಸದ ಬರಹರೂಪ)



ನನಗೆ ಕೊಟ್ಟಿರುವ ವಿಷಯ 'ಪ್ರಾಥಮಿಕ ಶಾಲೆಯಲ್ಲಿ ಧರ್ಮದ ಪಾಠ'. ನಾನು ಪಂಡಿತಳಲ್ಲ. ಈ ಸೀಮೆಯ ಸರ್ಕಾರಿ ಶಾಲೆಗಳಲ್ಲಿ ಮಕ್ಕಳಿಗೆ ಅಕ್ಷರ ಕಲಿಸುತ್ತ ಬಂದವಳು. ಬನವಾಸಿ ಕಡೆಯ ಮಕ್ಕಳು ಶಿಕ್ಷಕಿಯನ್ನು 'ಅಕ್ಕೋರೇ' ಎಂದು ಕರೆಯುತ್ತಾರೆ. ಅಕ್ಕೋರಾಗಿ ಕಂಡದ್ದನ್ನು, ಲಿಂಗವಂತ ಮನೆತನದ ಮಗಳಾಗಿ ಅನ್ನಿಸಿದ್ದನ್ನು ನಿಮ್ಮ ಮುಂದೆ ಇಡುತ್ತೇನೆ. ಕೆಲವು ಮಾತು ಕೆಲವರಿಗೆ ಹಿಡಿಸಲಿಕ್ಕಿಲ್ಲ. ಆದರೂ ಹೇಳುತ್ತೇನೆ. ಹಿಡಿಸದ ಮಾತನ್ನೂ ಕೂತು ಕೇಳುವ ಜಾಗಕ್ಕೇ ನಾವು ಅನುಭವ ಮಂಟಪ ಎಂದು ಹೆಸರಿಟ್ಟುಕೊಂಡವರು.

ಈ ವಿಷಯ ಈಗಲೇ ಯಾಕೆ ಬಂತು ಎಂಬುದು ನಿಮಗೆಲ್ಲ ಗೊತ್ತಿದೆ. ನಮ್ಮ ಕೆಲವು ಹಿರಿಯರಿಗೆ ಒಂದು ಆಸೆ ಇದೆ. ಸೋಮವಾರ ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಸರ್ಕಾರಿ ಶಾಲೆಯ ಮಕ್ಕಳೆಲ್ಲರೂ ವಿಭೂತಿ ಹಚ್ಚಿಕೊಂಡು ವಚನ ಪ್ರಾರ್ಥನೆ ಮಾಡಬೇಕು, ಇದಕ್ಕಾಗಿ ಎಸ್‌ಡಿಎಂಸಿಗೆ ಒಂದು ಮನವಿ ಕೊಡಬೇಕು ಎಂಬುದು ಅವರ ಮಾತು. ಇದರ ಹಿಂದಿನ ಭಾವನೆ ಒಳ್ಳೆಯದೇ. ಮಕ್ಕಳ ಕೈಯಲ್ಲಿ ಮೊಬೈಲ್ ಬಂದಿದೆ, ಬಾಯಲ್ಲಿ ವಚನ ಇಲ್ಲ ಎನ್ನುವ ಸಂಕಟ ಅದು. 2024ರ ಜನವರಿಯಲ್ಲಿ ಸರ್ಕಾರವೇ ಬಸವಣ್ಣನವರನ್ನು ಕರ್ನಾಟಕದ ಸಾಂಸ್ಕೃತಿಕ ನಾಯಕ ಎಂದು ಘೋಷಿಸಿದ ಮೇಲೆ, ಶಾಲೆಯಲ್ಲಿ ಇಷ್ಟೂ ಮಾಡಬಾರದೇ ಎಂದು ಕೇಳುವವರಿದ್ದಾರೆ. ಆ ಮನವಿಯನ್ನು ಕೊಡಬೇಡಿ ಎಂದು ಕೇಳಿಕೊಳ್ಳಲು ನಾನು ಇಲ್ಲಿ ನಿಂತಿದ್ದೇನೆ. ಹಾಗೆಂದು ಬಸವಣ್ಣನವರು ಶಾಲೆಯ ಹೊರಗೆ ಇರಲಿ ಎಂದು ನಾನು ಹೇಳುತ್ತಿಲ್ಲ. ಅವರು ಯಾವ ಬಾಗಿಲಿನಿಂದ ಒಳಗೆ ಬರಬೇಕು ಎಂಬುದಷ್ಟೇ ನನ್ನ ಮಾತು.

ಮೊದಲು ಎರಡು ಕೆಲಸಗಳನ್ನು ಬೇರೆ ಬೇರೆ ಮಾಡಿಕೊಳ್ಳೋಣ. ಧರ್ಮವನ್ನು ಬೋಧಿಸುವುದು ಒಂದು. ಧರ್ಮಗಳ ಬಗ್ಗೆ ತಿಳಿಸುವುದು ಇನ್ನೊಂದು. ಮನೆಯಲ್ಲಿ ಅಜ್ಜಿ ಮೊಮ್ಮಗನ ಅಂಗೈಯಲ್ಲಿ ಇಷ್ಟಲಿಂಗ ಇಟ್ಟು, ಕಣ್ಣು ತೆರೆದು ನೋಡು, ಮನಸ್ಸು ನಿಲ್ಲಿಸು ಎಂದು ಹೇಳಿಕೊಡುವುದು ಬೋಧನೆ. ಅದು ಸಾಧನೆಯ ಮಾತು, ಅಲ್ಲಿ ಗುರು ಬೇಕು, ಶ್ರದ್ಧೆ ಬೇಕು. ನಾನು ತರಗತಿಯಲ್ಲಿ ನಿಂತು, ಲಿಂಗಾಯತರು ಇಷ್ಟಲಿಂಗವನ್ನು ಮೈಮೇಲೆ ಧರಿಸುತ್ತಾರೆ, ಅಂಗೈಯಲ್ಲಿಟ್ಟು ಪೂಜಿಸುತ್ತಾರೆ, ಗುಡಿಗೆ ಹೋಗಲು ಬಿಡದ ಜನರಿಗೂ ದೇವರು ಅಂಗೈಗೆ ಬಂದದ್ದು ಹೀಗೆ ಎಂದು ವಿವರಿಸುವುದು ತಿಳಿವಳಿಕೆ. ಇದನ್ನು ಮುಸ್ಲಿಂ ಮಗುವೂ ಕಲಿಯಬಹುದು, ದೀವರ ಮಗುವೂ ಕಲಿಯಬಹುದು, ಪರೀಕ್ಷೆಯಲ್ಲಿ ಉತ್ತರ ಬರೆಯಬಹುದು. ಬರೆದ ಮಾತ್ರಕ್ಕೆ ಅದು ಲಿಂಗಾಯತ ಆಗಬೇಕಿಲ್ಲ.

ನಮ್ಮ ಸಂವಿಧಾನವೂ ಇದೇ ಗೆರೆಯನ್ನು ಎಳೆದಿದೆ. 28ನೇ ವಿಧಿಯ ಪ್ರಕಾರ ಪೂರ್ತಿಯಾಗಿ ಸರ್ಕಾರದ ಹಣದಿಂದ ನಡೆಯುವ ಶಾಲೆಯಲ್ಲಿ ಯಾವ ಧರ್ಮದ ಬೋಧನೆಯನ್ನೂ ಮಾಡುವಂತಿಲ್ಲ. ಊರಿನವರೆಲ್ಲ ಒಪ್ಪಿ ಸಹಿ ಮಾಡಿ ಕೊಟ್ಟರೂ ಇಲ್ಲ. ಅನುದಾನ ಪಡೆಯುವ ಅಥವಾ ಸರ್ಕಾರದ ಮಾನ್ಯತೆ ಪಡೆದ ಶಾಲೆಗಳ ಮಾತು ಸ್ವಲ್ಪ ಬೇರೆ. ಅಲ್ಲಿ ಧರ್ಮಬೋಧನೆ ಇರಬಹುದು, ಪ್ರಾರ್ಥನೆ ಇರಬಹುದು; ಆದರೆ ಒಪ್ಪಿಗೆಯಿಲ್ಲದೆ ಯಾರನ್ನೂ ಅದರಲ್ಲಿ ಕೂರಿಸುವಂತಿಲ್ಲ. ಚಿಕ್ಕ ಮಕ್ಕಳಾದರೆ ತಂದೆತಾಯಿಯ ಒಪ್ಪಿಗೆ ಬೇಕು. ನಮ್ಮ ಮಠಗಳು ನಡೆಸುವ ಎಷ್ಟೋ ಶಾಲೆಗಳು ಈ ಎರಡನೆಯ ಗುಂಪಿಗೆ ಸೇರುತ್ತವೆ. ಆದ್ದರಿಂದ ಪೂಜ್ಯರಲ್ಲಿ ನನ್ನದೊಂದು ಅರಿಕೆ: ಮಠದ ಶಾಲೆಯಲ್ಲಿ ಲಿಂಗಪೂಜೆಗೆ, ಪ್ರಾರ್ಥನೆಗೆ ಮಕ್ಕಳನ್ನು ಕೂರಿಸುವ ಮುಂಚೆ ಬೇರೆ ಧರ್ಮದ, ಬೇರೆ ಪಂಥದ ಪಾಲಕರನ್ನು ಒಂದು ಮಾತು ಕೇಳುವ ರೂಢಿ ಇರಲಿ. ಕೇಳುವುದರಿಂದ ಮಠದ ಗೌರವ ಹೆಚ್ಚುತ್ತದೆ.

ಹಾಗಾದರೆ ಸರ್ಕಾರಿ ಶಾಲೆಯಲ್ಲಿ ಧರ್ಮದ ಹೆಸರನ್ನೇ ಎತ್ತಬಾರದೇ? ಹಾಗೇನಿಲ್ಲ. 1964ರಿಂದ 66ರವರೆಗೆ ಕೆಲಸ ಮಾಡಿದ ಕೊಠಾರಿ ಆಯೋಗ ಇದೇ ವ್ಯತ್ಯಾಸವನ್ನು ಗುರುತಿಸಿ, ದೇಶದ ಮುಖ್ಯ ಧರ್ಮಗಳ ಬಗ್ಗೆ ಆಯ್ದ ತಿಳಿವಳಿಕೆಯನ್ನು ಮಕ್ಕಳಿಗೆ ಕೊಡಬೇಕೆಂದು ಹೇಳಿತು. 2002ರ ಸೆಪ್ಟೆಂಬರ್ 12ರಂದು ಅರುಣಾ ರಾಯ್ ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಕೂಡ, ಧರ್ಮಗಳ ಬಗ್ಗೆ ಅಧ್ಯಯನ ಮಾಡಿಸುವುದು 28ನೇ ವಿಧಿಗೆ ವಿರುದ್ಧವಲ್ಲ ಎಂದಿತು. ಅಂದರೆ ಬಾಗಿಲು ಮುಚ್ಚಿಲ್ಲ. ಆ ಬಾಗಿಲಿನಿಂದ ಒಬ್ಬರೇ ಬರುವಂತಿಲ್ಲ, ಎಲ್ಲರೂ ಬರಬೇಕು. ಬಂದವರು ಪೂಜೆಗೆ ಕೂರಿಸುವಂತಿಲ್ಲ, ಪರಿಚಯ ಮಾಡಿಕೊಡಬಹುದು.

ಇದು ಹೊರದೇಶಗಳಲ್ಲೂ ನಡೆದಿರುವ ಚರ್ಚೆ. ಇಂಗ್ಲೆಂಡಿನಲ್ಲಿ 1944ರ ಕಾಯ್ದೆಯಿಂದಲೂ ಸರ್ಕಾರದ ಹಣದಲ್ಲಿ ನಡೆಯುವ ಶಾಲೆಗಳಲ್ಲಿ ಧರ್ಮದ ಪಾಠ ಇದೆ. ಬೇಡ ಎನ್ನುವ ಪಾಲಕರು ತಮ್ಮ ಮಗುವನ್ನು ಅದರಿಂದ ಹೊರಗಿಡಬಹುದು. ಮೊದಮೊದಲು ಅದು ಹೆಚ್ಚುಕಡಿಮೆ ಕ್ರೈಸ್ತ ಧರ್ಮದ ಪಾಠವೇ ಆಗಿತ್ತು. ಬೇರೆ ದೇಶಗಳಿಂದ ಬಂದ ಕುಟುಂಬಗಳು ಹೆಚ್ಚಾದಂತೆ ಅದರಲ್ಲಿ ಇಸ್ಲಾಂ, ಸಿಖ್, ಹಿಂದೂ, ಬೌದ್ಧ ಎಲ್ಲವೂ ಸೇರಿದವು. 2018ರಲ್ಲಿ ಅಲ್ಲಿನ ಒಂದು ಆಯೋಗ, ಈ ಪಾಠದ ಹೆಸರನ್ನೇ 'ಧರ್ಮ ಮತ್ತು ಲೋಕದೃಷ್ಟಿಗಳು' ಎಂದು ಬದಲಿಸಿ ಎಂದು ಶಿಫಾರಸು ಮಾಡಿತು. ದೇವರನ್ನು ನಂಬುವವರಿಗೆ ಇರುವಂತೆ ನಂಬದವರಿಗೂ ಬದುಕನ್ನು ನೋಡುವ ಒಂದು ದೃಷ್ಟಿ ಇರುತ್ತದೆ, ಮಕ್ಕಳಿಗೆ ಅದೂ ತಿಳಿಯಲಿ ಎಂಬ ಕಾರಣಕ್ಕೆ. 2015ರ ನವೆಂಬರ್ 14ರಂದು ಲಂಡನ್ನಿನ ಥೇಮ್ಸ್ ನದಿಯ ದಂಡೆಯಲ್ಲಿ ಬಸವಣ್ಣನವರ ಪುತ್ಥಳಿ ಅನಾವರಣವಾದಾಗ ನಾವೆಲ್ಲ ಹೆಮ್ಮೆಪಟ್ಟೆವು. ಅಲ್ಲಿ ಶಾಲೆಗೆ ಹೋಗುವ ನಮ್ಮ ಕನ್ನಡದ ಮಗುವಿನ ಮುಂದೆ ಅಲ್ಲಿನ ಶಿಕ್ಷಕರು ನಮ್ಮ ಧರ್ಮದ ಬಗ್ಗೆ ಗೌರವದಿಂದ ಮಾತಾಡಬೇಕು, ಅದನ್ನು ಬೇರೆ ಪೂಜೆಗೆ ಕೂರಿಸಬಾರದು ಎಂದು ನಾವು ಬಯಸುತ್ತೇವೆ. ಲಂಡನ್ನಿನಲ್ಲಿ ನಾವು ಬಯಸುವುದನ್ನು ದಾಸನಕೊಪ್ಪದಲ್ಲಿ ಬೇರೆಯವರಿಗೆ ಕೊಡಬೇಕಲ್ಲವೇ?

ದೂರದ ಮಾತು ಬಿಡೋಣ, ನಮ್ಮ ನೆಲದ ಮಾತಿಗೆ ಬರೋಣ. ಬನವಾಸಿ ನಾಡಿನ ರಾಜಧಾನಿಯಾಗಿದ್ದದ್ದು ಈಗ ಶಿಕಾರಿಪುರ ತಾಲ್ಲೂಕಿನಲ್ಲಿರುವ ಬಳ್ಳಿಗಾವೆ. ಅಲ್ಲಿದ್ದ ಕೋಡಿಮಠ ಕಾಳಾಮುಖ ಶೈವರದು. 1162ರ ಅಲ್ಲಿನ ಶಾಸನ ಆ ಮಠದಲ್ಲಿ ಏನೇನು ನಡೆಯುತ್ತಿತ್ತು ಎಂದು ಪಟ್ಟಿ ಕೊಡುತ್ತದೆ. ವೇದ, ವ್ಯಾಕರಣ, ಪುರಾಣಗಳ ಜೊತೆಗೆ ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯ, ಬೌದ್ಧ ದರ್ಶನಗಳಿಗೂ ಅಲ್ಲಿ ವ್ಯಾಖ್ಯಾನ ನಡೆಯುತ್ತಿತ್ತು. ದಿಕ್ಕಿಲ್ಲದವರಿಗೆ ಅಲ್ಲಿ ಅನ್ನವಿತ್ತು, ರೋಗಿಗಳಿಗೆ ಔಷಧವಿತ್ತು. ಶೈವ ಮಠದಲ್ಲಿ ಬೌದ್ಧರ ತತ್ತ್ವ ಯಾಕೆ? ಓದುವ ಹುಡುಗನಿಗೆ ಅದೂ ಗೊತ್ತಿರಬೇಕು ಎಂದು. ಆಗ ಆಳುತ್ತಿದ್ದವನು ಬಿಜ್ಜಳ. ಅದೇ ಕಾಲದಲ್ಲಿ ಕಲ್ಯಾಣದಲ್ಲಿ ಬಸವಾದಿ ಶರಣರಿದ್ದರು. ಎಂಟುನೂರ ಅರವತ್ತು ವರ್ಷಗಳ ಹಿಂದೆ, ಇಲ್ಲಿಂದ ಬಸ್ಸಿನಲ್ಲಿ ಹೋಗಿ ಸಂಜೆಗೆ ಮರಳಬಹುದಾದ ಊರಿನಲ್ಲಿ, ಬೇರೆಯವರ ತತ್ತ್ವವನ್ನು ತಿಳಿದುಕೊಳ್ಳುವುದೇ ವಿದ್ಯೆ ಎನಿಸಿಕೊಂಡಿತ್ತು.

ಅಲ್ಲಮಪ್ರಭುಗಳೂ ಇದೇ ಸೀಮೆಯವರು. ಚಾಮರಸನ 'ಪ್ರಭುಲಿಂಗಲೀಲೆ' ಅವರನ್ನು ಬನವಾಸಿಯ ಮಧುಕೇಶ್ವರ ಗುಡಿಯಲ್ಲಿ ಮದ್ದಳೆ ನುಡಿಸುವವರನ್ನಾಗಿ ತೋರಿಸುತ್ತದೆ. ಅಂಥವರು ಶೂನ್ಯ ಸಿಂಹಾಸನದಲ್ಲಿ ಕೂತು ಮಾಡಿದ ಕೆಲಸವೇನು? ಪ್ರಶ್ನೆ ಕೇಳಿದ್ದು. ಶೂನ್ಯ ಸಂಪಾದನೆ ತೆಗೆದು ನೋಡಿ. ಅಕ್ಕಮಹಾದೇವಿ ಕಲ್ಯಾಣಕ್ಕೆ ಬಂದಾಗ ಪ್ರಭುಗಳು ಕೇಳಬಾರದ್ದನ್ನೆಲ್ಲ ಕೇಳಿದರು, ಅಕ್ಕ ಉತ್ತರ ಕೊಟ್ಟಳು. ಸಿದ್ಧರಾಮನನ್ನು ಕೇಳಿದರು, ಗೋರಕ್ಷನನ್ನು ಕೇಳಿದರು. ಪ್ರಶ್ನೆಯ ಮೂಲಕ ಒಳಗೆ ಕರೆದುಕೊಂಡ ಧರ್ಮ ನಮ್ಮದು. ಅದನ್ನು ಸಾಲಿನಲ್ಲಿ ನಿಂತು ಅರ್ಥ ತಿಳಿಯದೆ ಒಪ್ಪಿಸುವ ಪಾಠವನ್ನಾಗಿ ಮಾಡಿದರೆ ವಚನಕ್ಕೆ ಏನು ಉಳಿಯಿತು?

ಇನ್ನೊಬ್ಬರನ್ನು ನೆನೆಯಲೇಬೇಕು. ಹರ್ಡೇಕರ್ ಮಂಜಪ್ಪನವರು 1886ರಲ್ಲಿ ಬನವಾಸಿಯಲ್ಲಿ ಹುಟ್ಟಿದವರು. ಶಿರಸಿಯಲ್ಲಿ ಶಾಲಾ ಮಾಸ್ತರರಾಗಿದ್ದವರು. ಆ ನೌಕರಿ ಬಿಟ್ಟು ದಾವಣಗೆರೆಗೆ ಹೋಗಿ 1906ರಲ್ಲಿ 'ಧನುರ್ಧಾರಿ' ಪತ್ರಿಕೆ ಆರಂಭಿಸಿದರು. 1913ರಲ್ಲಿ ಅದೇ ದಾವಣಗೆರೆಯಲ್ಲಿ ಮೃತ್ಯುಂಜಯ ಸ್ವಾಮಿಗಳೊಂದಿಗೆ ಬಸವ ಜಯಂತಿಯ ಸಾರ್ವಜನಿಕ ಆಚರಣೆಯನ್ನು ಶುರುಮಾಡಿದರು. ಬಸವಣ್ಣನವರನ್ನು ಎಲ್ಲರ ಕಣ್ಣಿಗೆ ಕಾಣುವಂತೆ ಬಯಲಿಗೆ ತಂದರು. ಮಕ್ಕಳನ್ನು ತಮ್ಮ ಆದರ್ಶದಂತೆ ಬೆಳೆಸಬೇಕೆಂದಾಗ ತಾವೇ ದುಡಿದು, ಆಲಮಟ್ಟಿಯಲ್ಲಿ ವಿದ್ಯಾಲಯ ಕಟ್ಟಿದರು. ಧರ್ಮಸಂಸ್ಕಾರಕ್ಕೆ ಬೇಕಾದ ಶ್ರಮವನ್ನು ಸ್ವಂತ ಹೆಗಲ ಮೇಲೆ ಹೊತ್ತದ್ದು ಅವರು ನಮಗೆ ಬಿಟ್ಟುಹೋದ ದಾರಿ. ನಮ್ಮ ಸೀಮೆಯ ಆ ಮಾಸ್ತರರ ದಾರಿಯಲ್ಲಿ ನಾವು ನಡೆಯಬೇಕು.

ಈಗ ಸ್ವಲ್ಪ ಕಷ್ಟದ ಮಾತು. 2011ರಲ್ಲಿ ನಮ್ಮದೇ ತಾಲ್ಲೂಕಿನ ಸೋಂದಾ ಸ್ವರ್ಣವಲ್ಲಿ ಮಠದ ಭಗವದ್ಗೀತಾ ಅಭಿಯಾನ ಶಾಲೆಗಳಿಗೆ ಬಂದಾಗ ರಾಜ್ಯದ ತುಂಬ ಚರ್ಚೆಯಾಯಿತು. ವಿಷಯ ಹೈಕೋರ್ಟಿನವರೆಗೂ ಹೋಯಿತು. ಇದು ಕಡ್ಡಾಯವಲ್ಲ ಎಂದು ಸರ್ಕಾರ ಹೇಳಬೇಕಾಯಿತು. ಆ ಅಭಿಯಾನದ ಉದ್ದೇಶವನ್ನು ನಾನು ಇಲ್ಲಿ ಶಂಕಿಸುವುದಿಲ್ಲ. ತಮಗೆ ಪವಿತ್ರವಾದದ್ದು ಎಲ್ಲ ಮಕ್ಕಳಿಗೂ ಸಿಗಲಿ ಎಂದು ಅವರು ಬಯಸಿದರು, ನಮ್ಮ ಹಿರಿಯರು ಈಗ ಬಯಸುವಂತೆಯೇ. ಆದರೆ ಆಗ, 'ಸರ್ಕಾರಿ ಶಾಲೆಯಲ್ಲಿ ಒಂದೇ ಧರ್ಮದ ಗ್ರಂಥ ಯಾಕೆ' ಎಂದು ಕೇಳಿದವರಲ್ಲಿ ನಮ್ಮವರೂ ಇದ್ದರು. ಅದೇ ಪ್ರಶ್ನೆಯನ್ನು ಇವತ್ತು ನಮ್ಮ ಮನವಿಗೂ ಕೇಳಿಕೊಳ್ಳಬೇಕು. ಬೇರೆಯವರ ಗ್ರಂಥ ಬಂದರೆ ಹೇರಿಕೆ, ನಮ್ಮ ವಚನ ಬಂದರೆ ಸಂಸ್ಕಾರ ಎನ್ನಲಾಗದು. ಅಳೆಯುವ ಕೊಳಗ ಒಂದೇ ಇರಬೇಕು. ಕೊಡುವಾಗ ಒಂದು ಕೊಳಗ, ಕೊಳ್ಳುವಾಗ ಇನ್ನೊಂದು ಕೊಳಗ ಇಟ್ಟುಕೊಂಡ ವ್ಯಾಪಾರಿಯನ್ನು ಶರಣರು ಶರಣನೆಂದು ಒಪ್ಪಲಿಲ್ಲ.

ಇದಕ್ಕೆ ಇನ್ನೊಂದು ಮುಖವೂ ಇದೆ. 2022ರಲ್ಲಿ ಒಂಬತ್ತನೇ ತರಗತಿಯ ಸಮಾಜ ವಿಜ್ಞಾನ ಪುಸ್ತಕದಲ್ಲಿ ಬಸವಣ್ಣನವರ ಪಾಠ ಪರಿಷ್ಕರಣೆಯಾದಾಗ ಸಾಣೇಹಳ್ಳಿಯ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿಯವರು ಮುಖ್ಯಮಂತ್ರಿಗಳಿಗೆ ಪತ್ರ ಬರೆದು ಆಕ್ಷೇಪಿಸಿದರು. ನಾವೆಲ್ಲ ಅವರ ಜೊತೆ ದನಿಗೂಡಿಸಿದೆವು. ನಮ್ಮ ಗುರುವಿನ ಬಗ್ಗೆ ಮಕ್ಕಳಿಗೆ ಹೇಳುವುದು ಸರಿಯಾಗಿರಬೇಕು, ನಾವು ಒಪ್ಪುವ ಹಾಗಿರಬೇಕು ಎಂಬುದು ನಮ್ಮ ಹಕ್ಕೊತ್ತಾಯ. ನ್ಯಾಯವಾದ ಒತ್ತಾಯ ಅದು. ಆದರೆ ಇದೇ ಹಕ್ಕು ಜೈನರಿಗೆ ಇಲ್ಲವೇ, ಮುಸ್ಲಿಮರಿಗೆ ಇಲ್ಲವೇ, ಮಾರಮ್ಮನಿಗೆ ನಡೆದುಕೊಳ್ಳುವವರಿಗೆ ಇಲ್ಲವೇ? ನಾನು ತರಗತಿಯಲ್ಲಿ ಇಟ್ಟುಕೊಂಡಿರುವ ಕಟ್ಟಳೆ ಇಷ್ಟೇ: ಯಾವ ಧರ್ಮದ ಬಗ್ಗೆ ಪಾಠ ಮಾಡುತ್ತೇನೋ ಆ ಧರ್ಮದ ಅಜ್ಜಿಯೊಬ್ಬಳು ಹಿಂದಿನ ಬೆಂಚಿನಲ್ಲಿ ಕೂತು ಕೇಳಿದರೆ, 'ಹೌದು ನೋಡವ್ವ, ನಾವು ಹಿಂಗೇ ಮಾಡೋದು' ಎನ್ನಬೇಕು.

ಇನ್ನು ತರಗತಿಯಲ್ಲಿ ಇದೆಲ್ಲ ಹೇಗೆ ನಡೆಯುತ್ತದೆ ಎಂದು ಹೇಳುತ್ತೇನೆ. ನಾಲ್ಕು, ಐದನೇ ತರಗತಿಯ ಮಕ್ಕಳಿಗೆ ತತ್ತ್ವಶಾಸ್ತ್ರ ಬೇಡ. ಅವರಿಗೆ ಮೂರು ಕ್ರಿಯಾಪದ ಕಲಿಸಿದರೆ ಸಾಕು. 'ನಡೆದಿದೆ', 'ಮಾಡುತ್ತಾರೆ', 'ನಂಬುತ್ತಾರೆ'. ಬಸವಣ್ಣನವರು ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಲ್ಲಿದ್ದರು, ಇದು ನಡೆದಿದೆ. ಮುಸ್ಲಿಮರು ರಮ್ಜಾನ್ ತಿಂಗಳಲ್ಲಿ ಹಗಲು ನೀರೂ ಕುಡಿಯದೆ ಉಪವಾಸ ಇರುತ್ತಾರೆ, ಇದು ಮಾಡುತ್ತಾರೆ. ಸತ್ತ ಮೇಲೆ ಲಿಂಗದಲ್ಲಿ ಐಕ್ಯವಾಗುತ್ತೇವೆ, ಸ್ವರ್ಗಕ್ಕೆ ಹೋಗುತ್ತೇವೆ, ಮತ್ತೆ ಹುಟ್ಟುತ್ತೇವೆ ಎಂಬುದೆಲ್ಲ ನಂಬುತ್ತಾರೆ. ಯಾವುದಕ್ಕೆ ಯಾವ ಕ್ರಿಯಾಪದ ಹಾಕಬೇಕು ಎಂದು ತಿಳಿದ ಮಗು ದೊಡ್ಡವನಾದ ಮೇಲೆ ಸುಳ್ಳು ಸುದ್ದಿಗೆ ಅಷ್ಟು ಬೇಗ ಬೀಳುವುದಿಲ್ಲ. ಬೇರೆಯವರ ನಂಬಿಕೆಯನ್ನು ಗೇಲಿ ಮಾಡುವುದೂ ಇಲ್ಲ.

ಇನ್ನೊಂದು ಕಟ್ಟಳೆ: ಮಕ್ಕಳು ಮಾತು ಶುರುಮಾಡುವಾಗ 'ನಮ್ಮ ಮನೆಯಲ್ಲಿ' ಎಂದೇ ಶುರುಮಾಡಬೇಕು. 'ಎಲ್ಲರೂ ಹೀಗೇ ಮಾಡಬೇಕು' ಎಂದು ಶುರುಮಾಡುವ ಹಾಗಿಲ್ಲ. ಗೋಡೆಯ ಮೇಲೆ ಒಂದು ಹಬ್ಬದ ಪಟ್ಟಿ ಇದೆ, ಮಕ್ಕಳೇ ಬರೆದದ್ದು. ಅದರಲ್ಲಿ ಬಸವ ಜಯಂತಿ ಇದೆ, ಈದ್ ಇದೆ, ಭೂಮಿ ಹುಣ್ಣಿಮೆ ಇದೆ, ಕ್ರಿಸ್ಮಸ್ ಇದೆ, ಎರಡು ವರ್ಷಕ್ಕೊಮ್ಮೆ ಬರುವ ಶಿರಸಿ ಮಾರಿಜಾತ್ರೆಯೂ ಇದೆ. ಹಬ್ಬ ಯಾರದೋ ಅವರೇ ಎದ್ದು ನಿಂತು ಹೇಳಬೇಕು, ಉಳಿದವರು ಕೇಳಬೇಕು. ಭೂಮಿ ಹುಣ್ಣಿಮೆಗೆ ಗದ್ದೆಯಲ್ಲಿ ಚರಗ ಚೆಲ್ಲುವುದು ಹೇಗೆ ಎಂದು ಹುಡುಗನೊಬ್ಬ ಕೈಮಾಡಿ ತೋರಿಸಿದಾಗ ಶಿಕ್ಷಕಿಯಾದ ನಾನೂ ಬಾಯಿ ಮುಚ್ಚಿ ಕೂತು ಕೇಳುತ್ತೇನೆ.

ಈ ಪಾಠಕ್ಕೆ ಬೇಕಾದ ಸಾಮಗ್ರಿ ನಮ್ಮ ಜಿಲ್ಲೆಯಷ್ಟು ಬೇರೆಲ್ಲಿ ಸಿಕ್ಕೀತು? ಸೋಂದಾ ಎಂಬ ಒಂದೇ ಊರಿನ ಸುತ್ತ ವಾದಿರಾಜರ ಮಾಧ್ವ ಮಠ ಇದೆ, ಸ್ವರ್ಣವಲ್ಲಿಯ ಅದ್ವೈತ ಮಠ ಇದೆ, ಸ್ವಾದಿಯ ಜೈನ ಮಠ ಇದೆ. ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿ ಜನರನ್ನು ನೋಡಿ. ಒಂದೇ ಸಮುದಾಯದಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಧರ್ಮ ಬೇರೆಯಾದರೆ ಜನವೇ ಬೇರೆ ಎಂದುಕೊಂಡಿರುವ ಮಗುವಿಗೆ ಈ ಒಂದು ಸಂಗತಿ ಹೇಳಿದರೆ ಸಾಕು, ಅದು ಒಂದು ಗಳಿಗೆ ಸುಮ್ಮನಾಗಿ ಯೋಚಿಸುತ್ತದೆ.

ಒಂದು ದಿನದ ಸಂಗತಿ ಹೇಳುತ್ತೇನೆ. ಶಾಲೆಯಲ್ಲಿ ಬಿಸಿಯೂಟದ ಜೊತೆ ಮಕ್ಕಳಿಗೆ ಮೊಟ್ಟೆ ಕೊಡುತ್ತಾರೆ, ತಿನ್ನದವರಿಗೆ ಬಾಳೆಹಣ್ಣು. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಮೊಟ್ಟೆ ಕೊಡಲು ಆರಂಭಿಸಿದಾಗ ನಮ್ಮ ಕೆಲವು ಸ್ವಾಮೀಜಿಯವರೇ ವಿರೋಧಿಸಿದ್ದು ನಿಮಗೆ ನೆನಪಿರಬಹುದು. ನಾನೂ ಮೊಟ್ಟೆ ತಿನ್ನುವವಳಲ್ಲ. ಆವತ್ತು ಊಟದ ಸಾಲಿನಲ್ಲಿ ನಮ್ಮವರ ಮನೆಯ ಒಬ್ಬ ಹುಡುಗಿ ಜೋರಾಗಿ ಕೇಳಿದಳು: "ಅಕ್ಕೋರೇ, ತತ್ತಿ ತಿನ್ನೋರು ಕೆಟ್ಟೋರೇನ್ರೀ? ನಮ್ಮ ಅಜ್ಜಿ ಹಂಗ ಅಂತಾರ." ಅವಳ ಎದುರಿಗೇ ಕೂತಿದ್ದ ಹುಡುಗ ತಟ್ಟೆಯಲ್ಲಿದ್ದ ಮೊಟ್ಟೆಯನ್ನು ಅನ್ನದೊಳಗೆ ಮುಚ್ಚಿಟ್ಟ.

ಆ ಹುಡುಗ ಮೊಟ್ಟೆ ಮುಚ್ಚಿಟ್ಟದ್ದನ್ನು ನೀವು ಕಣ್ಣಮುಂದೆ ತಂದುಕೊಳ್ಳಿ. ನಾನು ಹೇಳುವ ವಿಷಯದ ಪೂರ್ತಿ ತೂಕ ಅದರಲ್ಲಿದೆ. ಆ ಹುಡುಗಿ ಕೇಳಿದ್ದು ತಪ್ಪಲ್ಲ, ಅಜ್ಜಿಯ ಮಾತನ್ನು ಅವಳು ನಂಬಿದ್ದಾಳೆ. ಆ ಹುಡುಗನಿಗೆ ಹಸಿವಿದೆ. ನಾನು ಅವಳ ಅಜ್ಜಿಯನ್ನೂ ಸಣ್ಣವಳನ್ನಾಗಿ ಮಾಡಬಾರದು, ಇವನ ತಟ್ಟೆಯನ್ನೂ ಸಣ್ಣದು ಮಾಡಬಾರದು. "ಯಾರು ಏನು ತಿಂತಾರೆ ಅನ್ನೋದು ಬ್ಯಾರೆ, ಯಾರು ಎಂಥೋರು ಅನ್ನೋದು ಬ್ಯಾರೆ. ಮೊದಲು ಉಣ್ಣಿ, ಆಮೇಲೆ ಮಾತಾಡೋಣ" ಎಂದೆ.

ಮಧ್ಯಾಹ್ನದ ಪಿರಿಯಡ್ಡಿನಲ್ಲಿ ಎಲ್ಲರಿಗೂ ಒಂದೇ ಪ್ರಶ್ನೆ ಕೊಟ್ಟೆ: ನಿಮ್ಮ ಮನೆಯಲ್ಲಿ ಏನನ್ನು ತಿನ್ನುವುದಿಲ್ಲ, ಯಾವಾಗ ತಿನ್ನುವುದಿಲ್ಲ, ಯಾಕೆ? ಲಿಂಗವಂತರ ಮಕ್ಕಳು ಮೊಟ್ಟೆ, ಮಾಂಸ ತಿನ್ನುವುದಿಲ್ಲ ಎಂದರು. ಹವ್ಯಕರ ಹುಡುಗಿ ಅಜ್ಜನ ತಿಥಿಯ ದಿನ ಈರುಳ್ಳಿ ಇಲ್ಲ ಎಂದಳು. ಮುಸ್ಲಿಂ ಹುಡುಗ ಹಂದಿಯ ಮಾತು ಹೇಳಿದ, ರೋಜಾದ ಮಾತು ಹೇಳಿದ. ಮೊಟ್ಟೆ ಮುಚ್ಚಿಟ್ಟಿದ್ದ ಹುಡುಗ ಕೊನೆಗೆ ಎದ್ದುನಿಂತು, "ನಮ್ಮನ್ಯಾಗ ಸೋಮವಾರ ಏನೂ ಮುಟ್ಟಂಗಿಲ್ರೀ, ಶನಿವಾರಾನೂ ಇಲ್ಲ" ಎಂದ. ಜೈನರಲ್ಲಿ ಕತ್ತಲಾದ ಮೇಲೆ ಉಣ್ಣದವರಿದ್ದಾರೆ, ನೆಲದಡಿಯ ಗೆಡ್ಡೆ ತಿನ್ನದವರಿದ್ದಾರೆ ಎಂದು ನಾನು ಸೇರಿಸಿದೆ. ಕಪ್ಪುಹಲಗೆ ತುಂಬಿತು. ಎಲ್ಲರ ಮನೆಯಲ್ಲೂ ಒಂದೊಂದು 'ಬೇಡ' ಇದೆ ಎಂದು ಮಕ್ಕಳಿಗೆ ತಾನಾಗಿ ಕಂಡಿತು.

ಆಮೇಲೆ ನಾನು ಬಸವಣ್ಣನವರ ಏಳು ಮಾತಿನ ಆ ವಚನವನ್ನು ಹೇಳಿದೆ. ಕದಿಯುವುದು, ಕೊಲ್ಲುವುದು, ಸುಳ್ಳಾಡುವುದು ಬೇಡ, ಬೇರೆಯವರನ್ನು ಹಳಿಯುವುದೂ ಬೇಡ ಎನ್ನುವ ವಚನ ನಿಮಗೆಲ್ಲ ಬಾಯಿಪಾಠ. ಆ ಹುಡುಗಿ ತಕ್ಷಣ, "ಕೊಲ್ಲಬ್ಯಾಡ ಅಂದಾರಲ್ರೀ" ಎಂದಳು. ಹಿಂದಿನ ಸಾಲಿನಿಂದ ಇನ್ನೊಬ್ಬ, "ಹಂಗಾರ ಗದ್ದಿಗೆ ಎಣ್ಣಿ ಹೊಡೀತೀವಲ್ರೀ, ಹುಳ ಸಾಯಂಗಿಲ್ಲೇನು?" ಎಂದ. ಮತ್ತೊಬ್ಬಳು ವಚನದಲ್ಲಿ ಹಳಿಯಬೇಡ ಎಂದೂ ಇದೆಯಲ್ಲ, ಕೆಟ್ಟೋರು ಅನ್ನೋದು ಹಳಿದಂಗಾಗಲಿಲ್ಲವೇ ಎಂದು ಕೇಳಿದಳು. ನಾನು ತೀರ್ಪು ಕೊಡಲಿಲ್ಲ. ಮನೆಯಲ್ಲಿ ಕೇಳಿಕೊಂಡು ಬನ್ನಿ ಎಂದೆ. ಬಂಧುಗಳೇ, ಹತ್ತು ವರ್ಷದ ಮಕ್ಕಳು ಆವತ್ತು ಒಂದು ವಚನದ ಒಳಗೆ ಹೊಕ್ಕು ಅದನ್ನು ತಮ್ಮ ಬದುಕಿಗೆ ಹಚ್ಚಿ ನೋಡಿದರು. ಲಿಂಗವಂತರಲ್ಲದ ಮಕ್ಕಳೂ ನೋಡಿದರು. ಹಣೆಗೆ ವಿಭೂತಿ ಹಚ್ಚಿಸಿ ಸಾಲಿನಲ್ಲಿ ನಿಲ್ಲಿಸಿದ್ದರೆ ಇದು ಆಗುತ್ತಿತ್ತೇ?

ಹಾಗಾದರೆ ಎಲ್ಲರ ಮನೆಯಲ್ಲಿ ನಡೆಯುವುದೆಲ್ಲ ಸರಿಯೇ ಎಂದು ನೀವು ಕೇಳಬಹುದು. ಇಲ್ಲ. ಅದಕ್ಕೂ ಒಂದು ಗಡಿ ಇದೆ. ಒಂದು ಮಗು ಎದ್ದು ನಿಂತು, ನಮ್ಮ ಮನೆಯಲ್ಲಿ ಇಂಥವರನ್ನು ಒಳಗೆ ಬಿಡುವುದಿಲ್ಲ, ಅವರಿಗೆ ಬೇರೆ ಲೋಟ ಎಂದರೆ, ಅದು ಅವರ ಮನೆಯ ಪದ್ಧತಿ ಎಂದು ನಾನು ಬಿಡುವುದಿಲ್ಲ. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ತೊಡೆದುಹಾಕಿದೆ ಎಂದು ಅಲ್ಲೇ ಹೇಳುತ್ತೇನೆ. ಬೆಳಗಿನ ಪ್ರಾರ್ಥನೆಯಲ್ಲಿ ಮಕ್ಕಳು ಸಂವಿಧಾನದ ಪೀಠಿಕೆ ಓದಬೇಕೆಂದು 2023ರಲ್ಲಿ ಸರ್ಕಾರ ತೀರ್ಮಾನಿಸಿತು. ನಂಬಿಕೆಯ ಸ್ವಾತಂತ್ರ್ಯವೂ ಸಮಾನತೆಯೂ ಅದರಲ್ಲಿ ಅಕ್ಕಪಕ್ಕದಲ್ಲೇ ಇವೆ. ಒಂದನ್ನು ಹಿಡಿದು ಇನ್ನೊಂದನ್ನು ಬಿಡುವಂತಿಲ್ಲ. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯನವರನ್ನು ಬಸವಣ್ಣನವರು ಹಿರಿಯರೆಂದು ಕರೆದದ್ದನ್ನು ನಾನು ಇಂಥ ಹೊತ್ತಿನಲ್ಲಿಯೇ ಹೇಳುವುದು. ಆಗ ಆ ಕತೆ ಮಕ್ಕಳ ಮನಸ್ಸಿಗೆ ನಾಟುತ್ತದೆ.

ಈ ಗಡಿಯ ಮಾತು ಬಂದಾಗ ನಮ್ಮ ಮನೆಯನ್ನೂ ಗುಡಿಸಿಕೊಳ್ಳಬೇಕಾಗುತ್ತದೆ. ತರಗತಿಯಲ್ಲಿ ಒಬ್ಬ ಹುಡುಗ ಇನ್ನೊಬ್ಬನನ್ನು, 'ನೀವು ಯಾವ ಲಿಂಗಾಯತರು?' ಎಂದು ಕೇಳುತ್ತಾನೆ. ಅವನಿಗೆ ಇದನ್ನು ಶಾಲೆ ಕಲಿಸಲಿಲ್ಲ. ಜಂಗಮರು, ಪಂಚಮಸಾಲಿ, ಬಣಜಿಗ, ಗಾಣಿಗ, ಸಾದರ ಎಂದು ಹೆಣ್ಣು ನೋಡುವಾಗ, ಪಂಕ್ತಿಯಲ್ಲಿ ಕೂರುವಾಗ ನಾವು ಆಡುವ ಮಾತನ್ನು ಅವನು ಒಲೆಯ ಮುಂದೆ ಕೂತು ಕೇಳಿಸಿಕೊಂಡಿದ್ದಾನೆ. ಬಂದವರನ್ನು ಯಾರವರೆಂದು ಕೇಳದೆ ನಮ್ಮವರೆನ್ನಬೇಕೆಂಬ ವಚನವನ್ನು ನಾವು ಸಭೆಯಲ್ಲಿ ಹಾಡುತ್ತೇವೆ. ಆ ವಚನವನ್ನು ಮಕ್ಕಳ ಬಾಯಿಗೆ ಹಾಕುವುದು ಸುಲಭ. ಮಕ್ಕಳು ಅದರ ಅರ್ಥ ಕೇಳಿದಾಗ ತಂದೆತಾಯಿ ತಲೆ ತಗ್ಗಿಸದ ಹಾಗೆ ಬದುಕುವುದು ಕಷ್ಟ. ಆ ಕಷ್ಟದ ಕೆಲಸ ಶಾಲೆಯದಲ್ಲ, ನಮ್ಮದು.

ಕೊನೆಯದಾಗಿ, ಆ ಮನವಿಯ ಬದಲಿಗೆ ನಾವು ಏನು ಮಾಡಬಹುದು ಎಂದು ಮೂರು ಮಾತು ಹೇಳಿ ಮುಗಿಸುತ್ತೇನೆ.

ಒಂದನೆಯದು ಮನೆ. ಇಷ್ಟಲಿಂಗ, ವಿಭೂತಿ, ಪ್ರಾರ್ಥನೆ ಇವೆಲ್ಲ ಮನೆಯಲ್ಲಿ ನಡೆಯಲಿ. ದಿನಕ್ಕೆ ಹತ್ತು ನಿಮಿಷ ತಂದೆ ಅಥವಾ ತಾಯಿ ಮಗುವಿನ ಜೊತೆ ಕೂತು ಒಂದು ವಚನ ಓದಿ. ನೀವು ಟಿವಿ ಮುಂದೆ ಕೂತು, ಮಗುವಿಗೆ ಮಾತ್ರ ಶಾಲೆಯಲ್ಲಿ ವಚನ ಹೇಳಿಸಿ ಎಂದರೆ ಅದು ಧರ್ಮವನ್ನು ಗುತ್ತಿಗೆಗೆ ಕೊಟ್ಟಂತಾಗುತ್ತದೆ. ಬೇರೆಯವರ ಕೈಯಿಂದ ಮಾಡಿಸುವ ಪೂಜೆ ಬೇಡವೆಂದವರ ಧರ್ಮ ನಮ್ಮದು.

ಎರಡನೆಯದು ಮಠ. ಭಾನುವಾರ ಬೆಳಿಗ್ಗೆ ಒಂದು ಗಂಟೆ ಮಠದಲ್ಲಿ ಮಕ್ಕಳ ವಚನ ತರಗತಿ ನಡೆಯಲಿ. ಬರುವ ಇಷ್ಟವಿದ್ದ ಯಾವ ಮಗುವೇ ಆಗಲಿ ಬರಲಿ, ಬಾರದವರನ್ನು ಯಾರೂ ಕೇಳುವುದು ಬೇಡ. ಅಲ್ಲಿ ಬಾಯಿಪಾಠಕ್ಕೆ ಬಹುಮಾನ ಕೊಡುವಂತೆ, ಒಳ್ಳೆಯ ಪ್ರಶ್ನೆ ಕೇಳಿದ ಮಗುವಿಗೂ ಒಂದು ಬಹುಮಾನ ಇಡಿ ಎಂದು ಪೂಜ್ಯರಲ್ಲಿ ಬೇಡಿಕೊಳ್ಳುತ್ತೇನೆ.

ಮೂರನೆಯದು ಶಾಲೆ. ಶಾಲೆಗೆ ನೀವು ಬನ್ನಿ, ಅತಿಥಿಗಳಾಗಿ ಬನ್ನಿ. ಶಾಲೆಯ ಗ್ರಂಥಾಲಯಕ್ಕೆ ವಚನದ ಪುಸ್ತಕ ಕೊಡಿ, ಜೊತೆಗೆ ಬುದ್ಧನ ಕತೆ, ಮಹಾವೀರರ ಕತೆ, ಪೈಗಂಬರರ ಕತೆ, ಯೇಸುವಿನ ಕತೆ, ಅಂಬೇಡ್ಕರರ ಕತೆ ಹೇಳುವ ಪುಸ್ತಕಗಳನ್ನೂ ನೀವೇ ಕೊಡಿ. ಲಿಂಗಾಯತರು ಕೊಟ್ಟ ಪುಸ್ತಕದಿಂದ ಈ ಊರಿನ ಮಗು ಎಲ್ಲ ಧರ್ಮಗಳನ್ನೂ ಓದಿತು ಎಂದರೆ ಅದೂ ದಾಸೋಹವೇ, ಜ್ಞಾನ ದಾಸೋಹ. ನಮ್ಮ ಧರ್ಮದ ಪಾಠ ಬಂದ ದಿನ ನಿಮ್ಮಲ್ಲೊಬ್ಬ ಅಜ್ಜಿಯನ್ನು ಕರೆಯುತ್ತೇನೆ. ಬಂದು ಕರಡಿಗೆ ತೋರಿಸಿ, ಇದು ಏನು, ಯಾಕೆ ಎಂದು ಮಕ್ಕಳಿಗೆ ಹೇಳಲಿ. ಮಕ್ಕಳು ಕೇಳುವ ಪ್ರಶ್ನೆಗೆ ಉತ್ತರ ಕೊಡಲಿ. ಮುಂದಿನ ವಾರ ಬೇರೆ ಮನೆಯ ಅಜ್ಜಿ ಬರುತ್ತಾಳೆ.

ಬಸವಣ್ಣನವರು ಯಾರ ಹಣೆಗೂ ಬಲವಂತವಾಗಿ ವಿಭೂತಿ ಹಚ್ಚಲಿಲ್ಲ. ದೂರದ ಕಾಶ್ಮೀರದಿಂದ ಅರಸೊತ್ತಿಗೆ ಬಿಟ್ಟು ಬಂದು ಸೌದೆ ಹೊತ್ತ ಮೋಳಿಗೆ ಮಾರಯ್ಯನ ಕತೆ ನಮಗೆಲ್ಲ ಗೊತ್ತು. ಅವನು ಕಲ್ಯಾಣಕ್ಕೆ ಬಂದದ್ದು ಶರಣರ ನಡೆಯ ಸುದ್ದಿ ಕೇಳಿ. ನಮ್ಮ ನಡೆ ಹಾಗಿದ್ದರೆ ಮಕ್ಕಳು ವಚನವನ್ನು ಹುಡುಕಿಕೊಂಡು ತಾವೇ ಬರುತ್ತಾರೆ. ಆದ್ದರಿಂದ ಆ ಮನವಿಯನ್ನು ದಯವಿಟ್ಟು ಎಸ್‌ಡಿಎಂಸಿಗೆ ಕೊಡಬೇಡಿ. ಕೊಡುವುದೇ ಆದರೆ ಆ ಪುಸ್ತಕಗಳನ್ನು ಕೊಡಿ.

 ನಿಮ್ಮ ಪ್ರಶ್ನೆಗಳಿಗೆ ಕಾಯುತ್ತೇನೆ.